ಎಂಸಿಎಫ್-7 ಕೋಶಗಳಲ್ಲಿ ಎಪೋ ಗ್ರಾಹಕ: 66ರ ಪಟ್ಟಿಯನ್ನು ನಂಬಬಹುದೇ?

ನೇತ್ರಾವತಿ_ತೀರ ಕೇಳಿದ ಪ್ರಶ್ನೆ

ನಾನು ಪಿಎಚ್‌ಡಿ ಎರಡನೇ ವರ್ಷದ ವಿದ್ಯಾರ್ಥಿನಿ. ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳಲ್ಲಿ ಎರಿಥ್ರೊಪೊಯಟಿನ್ (ಎಪೋ, ಕೆಂಪು ರಕ್ತಕಣಗಳನ್ನು ಬೆಳೆಸುವ ಹಾರ್ಮೋನ್) ಗ್ರಾಹಕ, ಅಂದರೆ ಅದನ್ನು ಹಿಡಿಯುವ ಪ್ರೋಟೀನ್, ಇದೆಯೇ, ಇದ್ದರೆ ಕೋಶದ ಹೊರಮೈಯಲ್ಲಿ ಎಷ್ಟಿದೆ ಎಂದು ತಿಳಿಯುವುದು ನನ್ನ ಕೆಲಸದ ಮೊದಲ ಭಾಗ. ಕೋಶಗಳು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತಂದವು. ಗ್ರಾಹಕವನ್ನು ಗುರುತಿಸಲು ಬಳಸುವ ಪ್ರತಿಕಾಯ ಮೊಲದಲ್ಲಿ ಬೆಳೆಸಿದ ಪಾಲಿಕ್ಲೋನಲ್ (ಹಲವು ಪ್ರತಿಕಾಯಗಳ ಮಿಶ್ರಣ). ಗ್ರಾಹಕದ ಸಿ-ಟರ್ಮಿನಲ್ ತುದಿಯ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಬಳಸಿ ತಯಾರಿಸಿದ್ದು.

ವೆಸ್ಟರ್ನ್ ಬ್ಲಾಟಿಗೆ (ಪ್ರೋಟೀನುಗಳನ್ನು ತೂಕದಂತೆ ಜೆಲ್ಲಿನಲ್ಲಿ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವಿಧಾನ) 30 ಮೈಕ್ರೋಗ್ರಾಂ ಪ್ರೋಟೀನ್ ಹಾಕುತ್ತೇನೆ. ಶೇಕಡಾ 10ರ ಜೆಲ್, ಪ್ರತಿಕಾಯ 1:500, ರಾತ್ರಿಯಿಡೀ 4 ಡಿಗ್ರಿಯಲ್ಲಿ. 66 ಕಿಲೋಡಾಲ್ಟನ್ ಎತ್ತರದಲ್ಲಿ ದಪ್ಪನೆಯ ಪಟ್ಟಿ ಪ್ರತಿ ಸಲವೂ ಬರುತ್ತದೆ. 100ರ ಬಳಿ ಇನ್ನೊಂದು ಪಟ್ಟಿ ಇದೆ. 59ರ ಸುಮಾರಿಗೆ ಬಹಳ ತೆಳುವಾದ ಗೆರೆಯೊಂದು ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಅಮೈನೋ ಆಮ್ಲಗಳ ಲೆಕ್ಕದಲ್ಲಿ ಗ್ರಾಹಕದ ತೂಕ 55ರ ಆಸುಪಾಸು ಆಗಬೇಕು. ಸಕ್ಕರೆಯ ಸರಪಣಿ ಸೇರಿಕೊಂಡು 66 ಆಗಿದೆ ಎಂದು ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಹೇಳುತ್ತಾರೆ. ಹಲವು ಲೇಖನಗಳಲ್ಲೂ 66ರ ಪಟ್ಟಿಗೇ ಬಾಣದ ಗುರುತು ಹಾಕಿದ್ದಾರೆ.

ಇದೇ ಪ್ರತಿಕಾಯದಿಂದ ಜೀವಂತ ಕೋಶಗಳ ಫ್ಲೋ ಸೈಟೊಮೆಟ್ರಿ (ಒಂದೊಂದೇ ಕೋಶದ ಮೇಲಿನ ಬಣ್ಣವನ್ನು ಅಳೆಯುವ ವಿಧಾನ) ಮಾಡಲು ಮಾರ್ಗದರ್ಶಕರು ಹೇಳಿದ್ದಾರೆ. ಜೊತೆಗೆ ತಡೆ ಪೆಪ್ಟೈಡ್ (ಪ್ರತಿಕಾಯ ತಯಾರಿಸಲು ಬಳಸಿದ ಅದೇ ತುಣುಕು) ತರಿಸಿ, ಅದನ್ನು ಬೆರೆಸಿದಾಗ ಪಟ್ಟಿ ಮಾಯವಾದರೆ ಸಾಕು ಎಂಬ ಸಲಹೆಯೂ ಬಂದಿದೆ. ಇದು ಸಾಕಾಗುತ್ತದೆಯೇ? ಈ ಗ್ರಾಹಕದ ಮೇಲೆ ಕೈಯಾರೆ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.

---

ಕೆಂಪುಕಣ ಉತ್ತರ

66ರ ಪಟ್ಟಿಯನ್ನು ಎಪೋ ಗ್ರಾಹಕ ಎಂದು ಈಗಲೇ ಬರೆಯಬೇಡಿ. ನಿಮ್ಮ ವಿವರಣೆ ಓದುತ್ತಿದ್ದಂತೆ ಎದೆ ಧಸಕ್ಕೆಂದಿತು, ಏಕೆಂದರೆ 66, 100, ಜೊತೆಗೆ ಮಸುಕಾದ 59 ಎಂಬ ಈ ಚಿತ್ರ ನಮ್ಮ ಕ್ಷೇತ್ರಕ್ಕೆ ಬಹಳ ಹಳೆಯದು. ನಾನು ಕೆಂಪು ರಕ್ತಕಣಗಳ ಬೆಳವಣಿಗೆಯ ಮೇಲೆ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ಒಂದು ಪಟ್ಟಿಯಿಂದ ಆದ ಗೊಂದಲವನ್ನು ಹೊಸಬರಿಗೆ ಮೊದಲ ವಾರವೇ ಹೇಳಿಬಿಡುತ್ತೇನೆ.

2006ರಲ್ಲಿ 'ಬ್ಲಡ್' ಪತ್ರಿಕೆಯಲ್ಲಿ ಎಲಿಯಟ್ ಮತ್ತು ಸಂಗಡಿಗರ ಲೇಖನವೊಂದು ಪ್ರಕಟವಾಯಿತು. ಆಗ ಎಲ್ಲರೂ ಬಳಸುತ್ತಿದ್ದ ಎಪೋ ಗ್ರಾಹಕದ ಪ್ರತಿಕಾಯಗಳನ್ನು ಅವರು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರು. ಅವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದುದು ಸಿ-20. ನಿಮ್ಮದರಂತೆಯೇ ಸಿ-ಟರ್ಮಿನಲ್ ತುದಿಯ ಪೆಪ್ಟೈಡಿನಿಂದ ಹುಟ್ಟಿದ್ದು. ಮಾನವ ಗ್ರಾಹಕ ನಿಜವಾಗಿ ಬರುವುದು 59ರ ಸುಮಾರಿಗೆ. 66ರ ಪಟ್ಟಿಯನ್ನು ಬೇರ್ಪಡಿಸಿ ಅದರ ಸರಣಿಯನ್ನು ಓದಿದಾಗ ಸಿಕ್ಕಿದ್ದು ಹೀಟ್ ಶಾಕ್ ಪ್ರೋಟೀನ್ 70ರ ಕುಟುಂಬ (ಬಿಸಿಯಂತಹ ಒತ್ತಡದಲ್ಲಿ ಕೋಶದ ಇತರ ಪ್ರೋಟೀನುಗಳನ್ನು ಕಾಯುವಂಥವು). ಕೋಶದಲ್ಲಿ ಅದು ಧಾರಾಳವಾಗಿರುತ್ತದೆ. ಕ್ಯಾನ್ಸರ್ ಕೋಶಗಳಲ್ಲಂತೂ ಇನ್ನೂ ಹೆಚ್ಚು. ಹಾಗಾಗಿ ಗ್ರಾಹಕವೇ ಇಲ್ಲದ ಕೋಶದಲ್ಲೂ ದಪ್ಪನೆಯ ಪಟ್ಟಿ ಬರುತ್ತದೆ, ನೋಡಿದವರಿಗೆ ಸಂತೋಷವೂ ಆಗುತ್ತದೆ.

ಇದು ಕೇವಲ ಪ್ರಯೋಗಾಲಯದೊಳಗಿನ ಚರ್ಚೆಯಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಎಪೋ ಎಂದರೆ ಡಯಾಲಿಸಿಸ್ ರೋಗಿಗಳಿಗೆ ರಕ್ತಹೀನತೆ ಬಾರದಂತೆ ಕೊಡುವ ಚುಚ್ಚುಮದ್ದು. ಕ್ಯಾನ್ಸರ್ ರೋಗಿಗಳಿಗೂ ಅದನ್ನು ಕೊಡಲಾಗುತ್ತಿತ್ತು. 2003ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಅಧ್ಯಯನವೊಂದರಲ್ಲಿ, ವಿಕಿರಣ ಚಿಕಿತ್ಸೆಯ ಜೊತೆ ಎಪೋ ಪಡೆದ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳ ಸ್ಥಿತಿ ಎಪೋ ಪಡೆಯದವರಿಗಿಂತ ಕೆಟ್ಟದಾಗಿತ್ತು. ಏಕೆ? ಗಡ್ಡೆಯ ಕೋಶಗಳ ಮೇಲೆಯೇ ಎಪೋ ಗ್ರಾಹಕ ಇದ್ದು, ಔಷಧವೇ ಗಡ್ಡೆಯನ್ನು ಬೆಳೆಸಿತೇ? ಬಹಳ ಗಂಭೀರವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಗಡ್ಡೆಯ ತುಣುಕುಗಳಿಗೆ ಸಿ-20 ಹಚ್ಚಿ, ಬಣ್ಣ ಬಂದವರನ್ನೂ ಬಾರದವರನ್ನೂ ಬೇರೆ ಮಾಡಿ ನೋಡಿದರು. ಬಣ್ಣ ಬಂದವರಲ್ಲೇ ಎಪೋದಿಂದ ಹಾನಿ ಹೆಚ್ಚು ಎಂದು ಕಂಡಿತು. ಆದರೆ ಆ ಬಣ್ಣ ಯಾವ ಪ್ರೋಟೀನಿನದು? 2007ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಔಷಧಗಳ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಅಚ್ಚುಹಾಕಿಸಿದರು. ಆ ಎಚ್ಚರಿಕೆಗೆ ರೋಗಿಗಳ ಮೇಲಿನ ಪರೀಕ್ಷೆಗಳೇ ಆಧಾರ, ಅದು ಸರಿಯಾದದ್ದೇ. ಹಾನಿಗೆ ಕಾರಣ ಹುಡುಕುವ ಕೆಲಸ ಮಾತ್ರ ನಂಬಲರ್ಹ ಪ್ರತಿಕಾಯವಿಲ್ಲದೆ ವರ್ಷಗಟ್ಟಲೆ ದಾರಿ ತಪ್ಪಿ ಅಲೆಯಿತು. ನೀವು ಈಗ ಕೈ ಹಾಕಿರುವುದು ಇದೇ ಪ್ರಶ್ನೆಗೆ.

ಸಕ್ಕರೆಯ ಸರಪಣಿಯ ಮಾತಿಗೆ ಬರುತ್ತೇನೆ. ನಿಮ್ಮ ಪ್ರಯೋಗಾಲಯದವರು ಅದನ್ನು ಗಾಳಿಯಲ್ಲಿ ಹೇಳುತ್ತಿಲ್ಲ. ಇಲಿಯ ಗ್ರಾಹಕದ ಹಳೆಯ ಲೇಖನಗಳಲ್ಲಿ 64, 66 ಎಂಬ ಸಂಖ್ಯೆಗಳು ನಿಜವಾಗಿಯೂ ಇವೆ. ಆದರೆ ಮಾನವ ಗ್ರಾಹಕದಲ್ಲಿ ಎನ್-ಗ್ಲೈಕೊಸೈಲೇಶನ್ (ಸಕ್ಕರೆಯ ಸರಪಣಿ ಸೇರುವುದು) ಆಗುವ ತಾಣ ಇರುವುದು ಒಂದೇ. ಒಂದು ಸರಪಣಿಯಿಂದ ಎರಡು ಮೂರು ಕಿಲೋಡಾಲ್ಟನ್ ಹೆಚ್ಚಬಹುದು. ಹತ್ತಕ್ಕೂ ಮಿಕ್ಕಿ ಏರುವುದನ್ನು ಅದರ ಲೆಕ್ಕಕ್ಕೆ ಹಾಕಲಾಗದು. ವಾದ ಬೇಡ, ಪರೀಕ್ಷಿಸಿ. ಲೈಸೇಟಿಗೆ (ಕೋಶಗಳನ್ನು ಒಡೆದು ತೆಗೆದ ದ್ರವ) ಸಕ್ಕರೆಯ ಸರಪಣಿ ಕಳಚುವ ಪಿಎನ್‌ಗೇಸ್-ಎಫ್ ಕಿಣ್ವ ಸೇರಿಸಿ, ಸೇರಿಸದ್ದನ್ನು ಪಕ್ಕದಲ್ಲೇ ಓಡಿಸಿ. ನಿಜವಾದ ಗ್ರಾಹಕವಾದರೆ ಸರಪಣಿ ಕಳಚಿಕೊಂಡು ಕೆಳಗಿಳಿಯುತ್ತದೆ. ಕೋಶದ್ರವದ ಹೀಟ್ ಶಾಕ್ ಪ್ರೋಟೀನಿಗೆ ಅಂತಹ ಸರಪಣಿಯೇ ಇಲ್ಲ, ಅದು ಇದ್ದಲ್ಲೇ ಇರುತ್ತದೆ.

ಫ್ಲೋ ಸೈಟೊಮೆಟ್ರಿಯ ವಿಷಯ ಇದಕ್ಕಿಂತ ಸರಳ: ಈ ಪ್ರತಿಕಾಯದಿಂದ ಅದು ಸಾಧ್ಯವಿಲ್ಲ. ಎಪೋ ಗ್ರಾಹಕ ಕೋಶಪೊರೆಯನ್ನು ಒಂದೇ ಸಲ ದಾಟುತ್ತದೆ. ಅದರ ಎನ್-ಟರ್ಮಿನಲ್ ಭಾಗ ಹೊರಗೆ, ಸಿ-ಟರ್ಮಿನಲ್ ಬಾಲ ಒಳಗೆ. ನಿಮ್ಮ ಪ್ರತಿಕಾಯ ಗುರುತಿಸುವುದು ಬಾಲವನ್ನು. ಜೀವಂತ ಕೋಶದೊಳಕ್ಕೆ ಪ್ರತಿಕಾಯ ಹೋಗುವುದಿಲ್ಲ. ಹಾಗೆ ಮಾಡಿದಾಗಲೂ ಸಂಕೇತ ಬಂದರೆ ಅದು ಸತ್ತ ಕೋಶಗಳದ್ದು, ಇಲ್ಲವೇ ಎಲ್ಲೆಂದರಲ್ಲಿ ಅಂಟಿಕೊಂಡದ್ದು. ಕೋಶಗಳನ್ನು ಸ್ಥಿರಗೊಳಿಸಿ, ಪೊರೆಗೆ ರಂಧ್ರ ಮಾಡಿ ನೋಡಬಹುದು ನಿಜ, ಆದರೆ ಆಗ ಒಳಗಿರುವ ಹೀಟ್ ಶಾಕ್ ಪ್ರೋಟೀನ್ ಪೂರ್ತಿ ಬಣ್ಣ ಹೀರಿಕೊಳ್ಳುತ್ತದೆ.

ತಡೆ ಪೆಪ್ಟೈಡಿಗೆ ದುಡ್ಡು ಹಾಕಲೇಬೇಡಿ. ಅದು ತೋರಿಸುವುದು ಇಷ್ಟೇ: ಪ್ರತಿಕಾಯದ ಹಿಡಿತ ತುಂಬಿಹೋದರೆ ಅದು ಮತ್ತೇನನ್ನೂ ಹಿಡಿಯದು. ಸರಿಯಾದ ಪಟ್ಟಿಯೂ ಹೋಗುತ್ತದೆ, ತಪ್ಪು ಪಟ್ಟಿಯೂ ಹೋಗುತ್ತದೆ. ಎಪೋ ಗ್ರಾಹಕದ ಪ್ರಕರಣದಲ್ಲಿ ಆ ಪೆಪ್ಟೈಡಿಗೂ ಹೀಟ್ ಶಾಕ್ ಪ್ರೋಟೀನಿಗೂ ಸರಣಿಯಲ್ಲೇ ಹೋಲಿಕೆ ಇತ್ತು. ಹಾಗಿರುವಾಗ ಪಟ್ಟಿ ಮಾಯವಾದದ್ದನ್ನು ಪುರಾವೆ ಎಂದು ಹೇಗೆ ಒಪ್ಪುವುದು?

ಗ್ರಾಹಕ ಖಂಡಿತ ಇರುವ ಕೋಶ ಒಂದು, ಖಂಡಿತ ಇಲ್ಲದ ಕೋಶ ಒಂದು, ಇವೆರಡರ ನಡುವೆ ನಿಮ್ಮ ಎಂಸಿಎಫ್-7. ಈ ಮೂರು ಒಂದೇ ಜೆಲ್ಲಿನಲ್ಲಿ ಇಲ್ಲದೆ ಬಂದ ಚಿತ್ರವನ್ನು ನಾನು ಓದುವುದೇ ಇಲ್ಲ.

---

ಬೆಂಚುಬದಿ ಉತ್ತರ

ಮೇಲಿನದನ್ನೆಲ್ಲ ಒಪ್ಪುತ್ತೇನೆ. ಫ್ಲೋ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಮುಂದೆ ಹೊರಭಾಗವನ್ನು ಗುರುತಿಸುವ ಪ್ರತಿಕಾಯ ತರಿಸಿದಾಗ ಬೇಕಾಗುತ್ತದೆ. ಎಂಸಿಎಫ್-7 ಬಟ್ಟಲಿಗೆ ಅಂಟಿ ಬೆಳೆಯುವ ಕೋಶ. ಟ್ರಿಪ್ಸಿನ್ ಹಾಕಿ ಎಬ್ಬಿಸಿದರೆ ಹೊರಮೈಯ ಪ್ರೋಟೀನುಗಳೂ ಕತ್ತರಿಸಿಹೋಗಬಹುದು. ಇಡಿಟಿಎ ದ್ರಾವಣದಿಂದ ನಿಧಾನವಾಗಿ ಬಿಡಿಸಿ. ಸತ್ತ ಕೋಶಗಳನ್ನು ಬೇರ್ಪಡಿಸುವ ಬಣ್ಣವನ್ನು ಮರೆಯಬೇಡಿ, ಸತ್ತ ಕೋಶ ಎಲ್ಲ ಪ್ರತಿಕಾಯಗಳನ್ನೂ ಹಿಡಿದುಕೊಳ್ಳುತ್ತದೆ.

ಇನ್ನೊಂದು: ಸ್ತನ ಕ್ಯಾನ್ಸರಿನ ಮೇಲೆ ಕೆಲಸ ಮಾಡುವವರಿಗೆ ಹರ್-2 ಎಂಬ ಗ್ರಾಹಕ ನೋಡಿ ಅಭ್ಯಾಸ. ಎಸ್‌ಕೆ-ಬಿಆರ್-3 ಎಂಬ ಸ್ತನ ಕ್ಯಾನ್ಸರ್ ಕೋಶದ ಮೇಲೆ ಹರ್-2 ಹತ್ತು ಲಕ್ಷದ ಮಟ್ಟದಲ್ಲಿರುತ್ತದೆ. ಎಪೋ ಗ್ರಾಹಕವಾದರೆ, ಅದಕ್ಕಾಗಿಯೇ ಹುಟ್ಟಿದ ಕೆಂಪುಕಣಗಳ ಪೂರ್ವಜ ಕೋಶದ ಮೇಲೂ ಕೆಲವು ನೂರರಿಂದ ಸಾವಿರದಷ್ಟು ಮಾತ್ರ. ಅಷ್ಟು ವಿರಳವಾದದ್ದಕ್ಕೆ ಫೈಕೊಎರಿಥ್ರಿನ್‌ನಂತಹ ಪ್ರಖರ ಬಣ್ಣವೇ ಬೇಕು.

---

ನೇತ್ರಾವತಿ_ತೀರ

ಇಬ್ಬರಿಗೂ ಧನ್ಯವಾದ. ಬಾಲ ಒಳಗಿದೆ ಎಂಬ ಮಾತನ್ನು ಮಾರ್ಗದರ್ಶಕರಿಗೆ ತೋರಿಸಿದೆ, ಫ್ಲೋ ಸದ್ಯಕ್ಕೆ ಬೇಡ ಎಂದು ಅವರೇ ಹೇಳಿದರು. ಈಗ ಇರುವ ತೊಡಕು ಹಣದ್ದು. ಹೊಸ ಪ್ರತಿಕಾಯ ಹೊರದೇಶದಿಂದ ಬರಬೇಕು, ಬರುವಷ್ಟರಲ್ಲಿ ವಾರಗಟ್ಟಲೆ ಆಗುತ್ತದೆ. ಜೀನ್ ಕತ್ತರಿಸುವ ಕ್ರಿಸ್ಪರ್ ಬಳಸಿ ಗ್ರಾಹಕವಿಲ್ಲದ ಕೋಶ ತಯಾರಿಸುವ ಅನುಕೂಲ ನಮ್ಮಲ್ಲಿ ಇಲ್ಲ. ಖಂಡಿತ ಇರುವ ಕೋಶ, ಖಂಡಿತ ಇಲ್ಲದ ಕೋಶ ಎಂದಿರಲ್ಲ, ಅವು ಯಾವುವು? ಕಡಿಮೆ ಖರ್ಚಿನ ದಾರಿ ಇದೆಯೇ?

---

ಕೆಂಪುಕಣ

ಇದೆ. ದುಬಾರಿಯದ್ದನ್ನು ಕೊನೆಗೆ ಇಟ್ಟುಕೊಳ್ಳೋಣ.

ಖಂಡಿತ ಇರುವ ಕೋಶಕ್ಕೆ ಯುಟಿ-7/ಎಪೋ ಎಲ್ಲಕ್ಕಿಂತ ಉತ್ತಮ. ಬದುಕಲು ಎಪೋ ಬೇಕೇ ಬೇಕು ಎನ್ನುವ ಮಾನವ ಲ್ಯುಕೇಮಿಯಾ ಕೋಶವದು. ಗ್ರಾಹಕವಿಲ್ಲದಿದ್ದರೆ ಅದು ಬದುಕಿಯೇ ಇರುತ್ತಿರಲಿಲ್ಲ, ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಎಲ್ಲಿದೆ? ಅದು ಸಿಗದಿದ್ದರೆ ಟಿಎಫ್-1 ಎಂಬ ಇನ್ನೊಂದು ಮಾನವ ಲ್ಯುಕೇಮಿಯಾ ಕೋಶವೂ ನಡೆಯುತ್ತದೆ. ಕೋಶವನ್ನೇ ಬೆಳೆಸಬೇಕೆಂದಿಲ್ಲ, ರಕ್ತಶಾಸ್ತ್ರದ ಯಾವುದಾದರೂ ಪ್ರಯೋಗಾಲಯಕ್ಕೆ ಪತ್ರ ಬರೆದು ಒಂದಿಷ್ಟು ಲೈಸೇಟ್ ಕೇಳಿ. ಕೇಳಿದರೆ ಕೊಡುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ.

ಇದಕ್ಕೂ ಅಗ್ಗದ ದಾರಿ ಎಚ್‌ಇಕೆ-293 ಎಂಬ ಮಾನವ ಮೂತ್ರಪಿಂಡ ಮೂಲದ ಕೋಶ. ಮಾನವ ಗ್ರಾಹಕದ ಜೀನ್ ಇರುವ ಪ್ಲಾಸ್ಮಿಡ್ (ಕೋಶದೊಳಕ್ಕೆ ಜೀನ್ ಒಯ್ಯುವ ಡಿಎನ್‌ಎ ಉಂಗುರ) ಅನ್ನು ಒಂದು ಬಟ್ಟಲಿಗೆ, ಖಾಲಿ ಪ್ಲಾಸ್ಮಿಡ್ ಅನ್ನು ಇನ್ನೊಂದಕ್ಕೆ ಹಾಕಿ. ಎರಡನ್ನೂ ಅಕ್ಕಪಕ್ಕ ಓಡಿಸಿದಾಗ ಒಂದರಲ್ಲಿ ಮಾತ್ರ ಬರುವ ಪಟ್ಟಿ ಯಾವ ಎತ್ತರದಲ್ಲಿದೆಯೋ ನಿಮ್ಮ ಜೆಲ್ಲಿನಲ್ಲಿ ಗ್ರಾಹಕದ ಸ್ಥಾನ ಅದೇ. 66 ಎರಡರಲ್ಲೂ ಒಂದೇ ದಪ್ಪದಲ್ಲಿ ಇರುತ್ತದೆ ಎಂದು ನನ್ನ ನಿರೀಕ್ಷೆ. ಒಂದು ಎಚ್ಚರಿಕೆ: ಹೀಗೆ ತುಂಬಿಸಿದ ಕೋಶದಲ್ಲಿ ಪ್ರೋಟೀನ್ ವಿಪರೀತ ಹೆಚ್ಚಿರುತ್ತದೆ. ಅಲ್ಲಿ ಕಂಡಿತು ಎಂದ ಮಾತ್ರಕ್ಕೆ ಎಂಸಿಎಫ್-7ರ ಸಹಜ ಮಟ್ಟವನ್ನೂ ಈ ಪ್ರತಿಕಾಯ ಕಾಣಬಲ್ಲದು ಎಂದಾಗದು. ಆ ಲೈಸೇಟನ್ನು ಖಾಲಿ ಲೈಸೇಟಿನಲ್ಲಿ ಬೆರೆಸುತ್ತಾ ತೆಳುಗೊಳಿಸಿ, ಪಟ್ಟಿ ಎಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡಿ. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 'ಕಾಣಲಿಲ್ಲ' ಎಂಬುದಕ್ಕೆ ಅರ್ಥ ಬರುವುದು ಎಷ್ಟರವರೆಗೆ ಕಾಣಬಲ್ಲಿರಿ ಎಂದು ತಿಳಿದಾಗ ಮಾತ್ರ.

ಕ್ರಿಸ್ಪರ್ ಇಲ್ಲದಿದ್ದರೂ, ಜೀನಿನ ಸಂದೇಶವಾದ ಆರ್‌ಎನ್‌ಎಯನ್ನು ಅಡಗಿಸುವ ಎಸ್‌ಐಆರ್‌ಎನ್‌ಎ ಇದೆಯಲ್ಲ. ಜೀನಿನ ಬೇರೆ ಬೇರೆ ಜಾಗಕ್ಕೆ ಗುರಿಯಿಟ್ಟ ಎರಡು ಎಸ್‌ಐಆರ್‌ಎನ್‌ಎಗಳನ್ನು ಪ್ರತ್ಯೇಕವಾಗಿ ಹಾಕಿ. ಆರ್‌ಎನ್‌ಎ ಇಳಿದಿದೆ ಎಂದು ಅದನ್ನು ಅಳೆಯುವ ಕ್ಯುಪಿಸಿಆರ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆ ಬ್ಲಾಟ್ ಮಾಡಿ. ಈ ಗ್ರಾಹಕದ ಆಯುಷ್ಯ ಕಡಿಮೆ, ಕೋಶ ಅದನ್ನು ಬೇಗ ಒಡೆದುಹಾಕುತ್ತದೆ. ಆದ್ದರಿಂದ ಎರಡು ದಿನದಲ್ಲಿ ನಿಜವಾದ ಪಟ್ಟಿ ಸ್ಪಷ್ಟವಾಗಿ ಕುಗ್ಗಬೇಕು. 59 ಕುಗ್ಗಿ 66 ಹಾಗೇ ನಿಂತರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ನಿಮ್ಮ ಪ್ರಯೋಗಾಲಯದವರಿಗೆ ಕಣ್ಣಾರೆ ತೋರಿಸಬೇಕೆಂದರೆ ಖರ್ಚೇ ಇಲ್ಲದ ಇನ್ನೊಂದು ಪ್ರಯೋಗವೂ ಇದೆ. ಎಂಸಿಎಫ್-7 ಬಟ್ಟಲೊಂದನ್ನು 42 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಮತ್ತೆ 37 ಡಿಗ್ರಿಗೆ ತಂದು ಕೆಲವು ಗಂಟೆ ಬಿಡಿ. ಬಿಸಿಗೆ ಕೋಶ ಹೀಟ್ ಶಾಕ್ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. 66ರ ಪಟ್ಟಿ ಏರಿತು ಎಂದರೆ ಅನುಮಾನ ಗಟ್ಟಿಯಾಯಿತು. ಏರದಿದ್ದರೆ ಅದು ಗ್ರಾಹಕ ಎಂದು ತೀರ್ಮಾನಿಸಬೇಡಿ. ಆ ಕುಟುಂಬದಲ್ಲಿ ಬಿಸಿಗೆ ಸ್ಪಂದಿಸದೆ ಸದಾ ಒಂದೇ ಮಟ್ಟದಲ್ಲಿರುವ ಸದಸ್ಯರೂ ಇದ್ದಾರೆ.

ಇನ್ನು ಪ್ರತಿಕಾಯದ ಹಂಗೇ ಇಲ್ಲದ ದಾರಿ. ಗ್ರಾಹಕ ಕೆಲಸ ಮಾಡುತ್ತಿದೆಯೇ ಎಂದು ಕೋಶವನ್ನೇ ಕೇಳುವುದು. ಎಪೋ ಬಂದು ಕೂತರೆ ಜಾಕ್-2 ಎಂಬ ಕಿಣ್ವ ಎಚ್ಚರಗೊಂಡು ಸ್ಟಾಟ್-5 ಎಂಬ ಪ್ರೋಟೀನಿಗೆ ಫಾಸ್ಫೇಟ್ ಸೇರಿಸುತ್ತದೆ. ಕೋಶಗಳನ್ನು ರಾತ್ರಿಯಿಡೀ ಸೀರಂ ಇಲ್ಲದೆ ಇಟ್ಟು, ಮಿಲಿಲೀಟರಿಗೆ 10 ಯೂನಿಟ್ ಎಪೋ ಹತ್ತು ಹದಿನೈದು ನಿಮಿಷ ಕೊಟ್ಟು, ಫಾಸ್ಫೊ-ಸ್ಟಾಟ್-5 ನೋಡಿ. ಟಿಎಫ್-1 ಕೋಶವನ್ನು ಹೋಲಿಕೆಗೆ ಬಳಸಿದರೆ ಅದಕ್ಕೆ ಹಾಕುವ ಜಿಎಂ-ಸಿಎಸ್‌ಎಫ್ ಎಂಬ ಬೆಳವಣಿಗೆಯ ಅಂಶವನ್ನು ಚೆನ್ನಾಗಿ ತೊಳೆದು ತೆಗೆಯಿರಿ, ಅದೂ ಸ್ಟಾಟ್-5 ಅನ್ನು ಎಬ್ಬಿಸುತ್ತದೆ. ನಿಮ್ಮ ಮೂಲ ಪ್ರಶ್ನೆ ಕ್ಯಾನ್ಸರ್ ಕೋಶ ಎಪೋಗೆ ಓಗೊಡುತ್ತದೆಯೇ ಎಂಬುದು ಆಗಿದ್ದರೆ ಈ ಪ್ರಯೋಗ ಯಾವ ಪಟ್ಟಿಗಿಂತಲೂ ಹತ್ತಿರದ ಉತ್ತರ ಕೊಡುತ್ತದೆ. ಇನ್ನೊಂದು ಸಂಗತಿ ನೆನಪಿಡಿ: ತಯಾರಾದ ಗ್ರಾಹಕದಲ್ಲಿ ಹೊರಮೈಗೆ ತಲುಪುವುದು ಸಣ್ಣ ಪಾಲು ಮಾತ್ರ, ಉಳಿದದ್ದು ಕೋಶದೊಳಗಿನ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಉಳಿಯುತ್ತದೆ. ಲೈಸೇಟಿನಲ್ಲಿ ಕಂಡದ್ದೆಲ್ಲ ಎಪೋವನ್ನು ಹಿಡಿಯುವ ಗ್ರಾಹಕವಲ್ಲ.

ಇಷ್ಟಾದ ಮೇಲೂ ಹೊಸ ಪ್ರತಿಕಾಯ ಬೇಕೆನಿಸಿದರೆ ಎ-82 ಎಂಬ ಮಾನೊಕ್ಲೋನಲ್ (ಒಂದೇ ಬಗೆಯ) ಪ್ರತಿಕಾಯದ ಬಗ್ಗೆ ಓದಿ. ಕಡಿಮೆ ಮಟ್ಟದ ಗ್ರಾಹಕವನ್ನು ಗುರುತಿಸಬಲ್ಲದ್ದು ಎಂದು 2010ರಲ್ಲಿ ವರದಿಯಾಯಿತು.

---

ಅಂಕಿಸಂಖ್ಯೆ ಉತ್ತರ

ಒಂದು ಆಕ್ಷೇಪ ಇದೆ. 2006ರ ಆ ಲೇಖನ ಬರೆದವರು ಆಮ್ಜೆನ್ ಕಂಪನಿಯ ವಿಜ್ಞಾನಿಗಳು. ಎ-82 ಅನ್ನು ವರದಿ ಮಾಡಿದವರೂ ಅವರೇ. ಎಪೋ ಮಾರುವ ಕಂಪನಿಗೆ ಗಡ್ಡೆಗಳಲ್ಲಿ ಗ್ರಾಹಕ ಇಲ್ಲ ಎಂದು ತೋರಿಸುವುದರಲ್ಲಿ ಲಾಭವಿದೆ. ಹೊಸ ವಿದ್ಯಾರ್ಥಿನಿಗೆ ಸಲಹೆ ಕೊಡುವಾಗ ಇದನ್ನು ಹೇಳಬೇಕಲ್ಲವೇ?

---

ಕೆಂಪುಕಣ

ಹೇಳಲೇಬೇಕು, ನೀವು ಎತ್ತಿದ್ದು ಒಳ್ಳೆಯದಾಯಿತು. ಆ ಹಿತಾಸಕ್ತಿ ನಿಜವಾದದ್ದು. ಗಡ್ಡೆಗಳಲ್ಲಿ ಗ್ರಾಹಕ ಇಲ್ಲವೇ ಇಲ್ಲ ಎಂಬ ದೊಡ್ಡ ತೀರ್ಮಾನವನ್ನು ನಾನೂ ಅವರ ಮಾತಿನ ಮೇಲೆ ಒಪ್ಪುವುದಿಲ್ಲ. ಕೆಲವು ಕ್ಯಾನ್ಸರ್ ಕೋಶಗಳು ಎಪೋಗೆ ಸ್ಪಂದಿಸುತ್ತವೆ ಎಂದು ತೋರಿಸಿದ ಬೇರೆ ಗುಂಪುಗಳಿವೆ, ಆ ಚರ್ಚೆ ಮುಗಿದಿಲ್ಲ. ಆದರೆ 66ರ ಪಟ್ಟಿ ಗ್ರಾಹಕವಲ್ಲ ಎಂಬುದು ಚಿಕ್ಕ ಹೇಳಿಕೆ, ಯಾರು ಬೇಕಾದರೂ ತಮ್ಮ ಬೆಂಚಿನ ಮೇಲೆ ಪರೀಕ್ಷಿಸಬಹುದಾದದ್ದು. ಜೀನ್ ತೆಗೆದ ಇಲಿಯ ಅಂಗಾಂಶದಲ್ಲೂ ಬಣ್ಣ ಬಂದರೆ, ಸಂಬಳ ಯಾರು ಕೊಟ್ಟರು ಎಂಬುದರಿಂದ ಆ ಬಣ್ಣ ಬದಲಾಗುವುದಿಲ್ಲ. ನಾನು ನೇತ್ರಾವತಿ_ತೀರ ಅವರಿಗೆ ಅವರ ಲೇಖನವನ್ನು ನಂಬಿ ಎಂದು ಹೇಳಿಲ್ಲ, ಎಸ್‌ಐಆರ್‌ಎನ್‌ಎ ಹಾಕಿ ನೋಡಿ ಎಂದಿದ್ದೇನೆ.

ಇದು ಒಂದು ಕಂಪನಿಯ, ಒಂದು ಗ್ರಾಹಕದ ಕಥೆಯೂ ಅಲ್ಲ. ಸ್ತನ ಕ್ಯಾನ್ಸರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಈಸ್ಟ್ರೊಜನ್ ಗ್ರಾಹಕ ಬೀಟಾ. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಅದರ 13 ಪ್ರತಿಕಾಯಗಳನ್ನು ಪರೀಕ್ಷಿಸಿದರು, ಎಲ್ಲ ಪರೀಕ್ಷೆಗಳಲ್ಲೂ ಗೆದ್ದದ್ದು ಒಂದೇ ಒಂದು. ಆ ಒಂದರಿಂದ ನೋಡಿದಾಗ ಸಾಮಾನ್ಯ ಸ್ತನ ಅಂಗಾಂಶದಲ್ಲಿ ಆ ಗ್ರಾಹಕವೇ ಕಾಣಲಿಲ್ಲ. ಎರಡು ದಶಕಗಳ ಕಾಲ ಅದು ಅಲ್ಲಿದೆ ಎಂದುಕೊಂಡು ಎಷ್ಟು ಜನ ತಮ್ಮ ಪಿಎಚ್‌ಡಿಯನ್ನು ಅದರ ಮೇಲೆ ಕಟ್ಟಿದರೋ. ಆ ವಿದ್ಯಾರ್ಥಿಗಳ ಬಗ್ಗೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

---

ಬೆಂಚುಬದಿ

ಇದರ ವ್ಯಾಪ್ತಿ ತಿಳಿಯಬೇಕಾದವರು 2023ರಲ್ಲಿ 'ಇಲೈಫ್'ನಲ್ಲಿ ಬಂದ ಕೆನಡಾದ ವೈಕ್ಯಾರಸ್ ಗುಂಪಿನ ಕೆಲಸ ನೋಡಿ. 65 ಪ್ರೋಟೀನುಗಳ 614 ಪ್ರತಿಕಾಯಗಳನ್ನು ಜೀನ್ ತೆಗೆದ ಕೋಶಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿದ್ದಾರೆ. ತನ್ನ ಪ್ರೋಟೀನನ್ನೇ ಗುರುತಿಸದ ಪ್ರತಿಕಾಯದ ಫಲಿತಾಂಶವಿರುವ ಲೇಖನಗಳು, ಸರಾಸರಿಯಾಗಿ ಒಂದೊಂದು ಪ್ರೋಟೀನಿಗೂ ಹನ್ನೆರಡರಷ್ಟು ಸಿಕ್ಕವು. ಸರಣಿ ತಿಳಿದು ತಯಾರಿಸಿದ ರಿಕಾಂಬಿನೆಂಟ್ ಪ್ರತಿಕಾಯಗಳು ಉಳಿದವಕ್ಕಿಂತ ಚೆನ್ನಾಗಿ ನಡೆದವು. ಕೊಳ್ಳುವಾಗ ಅಂಥದ್ದು ಸಿಗುತ್ತದೆಯೇ ಎಂದು ಮೊದಲು ಹುಡುಕಿ. ಪಾಲಿಕ್ಲೋನಲ್ ಆದರೆ ಮೊಲ ಬದಲಾದಾಗ ಪ್ರತಿಕಾಯವೂ ಬದಲಾಗುತ್ತದೆ, ಹಾಗಾಗಿ ಬಾಟಲಿಯ ಲಾಟ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ.

---

ನೇತ್ರಾವತಿ_ತೀರ

ಪಿಎನ್‌ಗೇಸ್-ಎಫ್ ಪಕ್ಕದ ವಿಭಾಗದಲ್ಲಿ ಸಿಕ್ಕಿತು, ಕೂಡಲೇ ಮಾಡಿದೆ. 66 ಕದಲಲಿಲ್ಲ, 100 ಸಹ ಕದಲಲಿಲ್ಲ. 59ರ ಗೆರೆ ಈ ಸಲ ಕಾಣಲೇ ಇಲ್ಲ, ಆದ್ದರಿಂದ ಅದರ ಬಗ್ಗೆ ಏನೂ ಹೇಳಲಾರೆ. ಎಸ್‌ಐಆರ್‌ಎನ್‌ಎಗೆ ಬೇಡಿಕೆ ಕಳುಹಿಸಿದ್ದೇವೆ. ಎಚ್‌ಇಕೆ ಕೋಶಗಳು ನಮ್ಮಲ್ಲೇ ಇವೆ, ಪ್ಲಾಸ್ಮಿಡ್ ಕೇಳಿ ಪತ್ರ ಬರೆದಿದ್ದೇನೆ. ಒಂದು ಕೊನೆಯ ಪ್ರಶ್ನೆ: ವಿಭಾಗದ ಮುಂದೆ ಇದನ್ನು ಮಂಡಿಸುವಾಗ 66ರ ಚಿತ್ರವನ್ನು ತೋರಿಸಬೇಕೇ, ಬಿಟ್ಟುಬಿಡಬೇಕೇ?

---

ಕೆಂಪುಕಣ

ತೋರಿಸಿ. ಪಟ್ಟಿಯ ಸುತ್ತ ಕತ್ತರಿಸದೆ, ಜೆಲ್ಲಿನ ಬಾವಿಯಿಂದ ಬುಡದವರೆಗೆ ಇಡೀ ಬ್ಲಾಟನ್ನು ತೋರಿಸಿ. ತೂಕದ ಗುರುತುಗಳು, ಪ್ರತಿಕಾಯದ ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ, ಕಿಣ್ವ ಹಾಕಿದ ಮತ್ತು ಹಾಕದ ಸಾಲುಗಳು ಎಲ್ಲವೂ ಒಂದೇ ಹಾಳೆಯಲ್ಲಿರಲಿ. 66ರ ಪಕ್ಕದಲ್ಲಿ 'ಗುರುತಿಸಿಲ್ಲ' ಎಂದು ಬರೆಯಿರಿ. ಹೀಟ್ ಶಾಕ್ ಪ್ರೋಟೀನ್ ಎಂದೂ ಬರೆಯಬೇಡಿ, ನಿಮ್ಮ ಜೆಲ್ಲಿನಲ್ಲಿ ಅದನ್ನು ನೀವು ಇನ್ನೂ ತೋರಿಸಿಲ್ಲ. 59ರ ಗೆರೆ ಕಾಣಲು 60ರಿಂದ 80 ಮೈಕ್ರೋಗ್ರಾಂ ಪ್ರೋಟೀನ್ ಹಾಕಿ ನೋಡಿ. ಅಥವಾ ಪೊರೆಯ ಭಾಗವನ್ನು ಬೇರ್ಪಡಿಸಿಕೊಂಡು ಓಡಿಸಿ, ಕೋಶದ್ರವದ ಪ್ರೋಟೀನುಗಳ ಗದ್ದಲ ಕಡಿಮೆಯಾಗುತ್ತದೆ. ಎಸ್‌ಐಆರ್‌ಎನ್‌ಎ ಬ್ಲಾಟ್ ಬಂದಾಗ ಇಲ್ಲಿ ಹಾಕಿ, ಎರಡೂ ಎಸ್‌ಐಆರ್‌ಎನ್‌ಎಗಳ ಕ್ಯುಪಿಸಿಆರ್ ಅಂಕಿಗಳ ಸಮೇತ.